ಸಿನಿಮಾ ಹಾಕಿದರೆ ಲೈಟ್ ತಾನಾಗಿ ತಗ್ಗಬೇಕೆ? ಪ್ಲೆಕ್ಸ್, ಜೆಲ್ಲಿಫಿನ್, ಕೋಡಿಗೆ ಯಾವ ಆಟೊಮೇಷನ್ ಹೊಂದುತ್ತದೆ

ಪ್ಲೆಕ್ಸ್, ಜೆಲ್ಲಿಫಿನ್ ಥರದ ಮೀಡಿಯಾ ಸರ್ವರ್ (ನಮ್ಮ ಸಿನಿಮಾ, ಹಾಡುಗಳನ್ನು ಒಂದು ಕಂಪ್ಯೂಟರ್‌ನಲ್ಲಿಟ್ಟು ಟಿವಿಗೆ, ಫೋನಿಗೆ ಕಳಿಸುವ ಸಾಫ್ಟ್‌ವೇರ್) ಮನೆಯಲ್ಲೇ ಇಟ್ಟುಕೊಂಡವರಿಗೆ ಇವತ್ತಲ್ಲ ನಾಳೆ ಈ ಆಸೆ ಬಂದೇ ಬರುತ್ತದೆ. ಟಿವಿಯಲ್ಲಿ ಸಿನಿಮಾ ಶುರುವಾದ ಕೂಡಲೇ ಹಾಲ್‌ನ ಲೈಟ್ ತಗ್ಗಬೇಕು. ಪಾಜ್ ಮಾಡಿ ನೀರು ಕುಡಿಯೋಕೆ ಎದ್ದರೆ ಸ್ವಲ್ಪ ಬೆಳಕು ಬರಬೇಕು. ಮುಗಿದ ಮೇಲೆ ಎಲ್ಲ ಮೊದಲಿದ್ದ ಹಾಗೆ ಆಗಬೇಕು. ಕೇಳೋಕೆ ಸಣ್ಣ ಕೆಲಸ. ಮಾಡೋಕೆ ಕೂತರೆ ದಾರಿಗಳು ಹತ್ತಾರು, ಮತ್ತು ಒಂದೊಂದರಲ್ಲೂ ಒಂದೊಂದು ಕೊಕ್ಕೆ.

ಹೆಚ್ಚಿನವರು ಮೊದಲು ಹೋಗಿ ಸ್ಮಾರ್ಟ್ ಬಲ್ಬ್ ತರುತ್ತಾರೆ. ಅದನ್ನು ಕೊನೆಗೆ ತನ್ನಿ ಅಂತ ನಾನು ಹೇಳುತ್ತೇನೆ. ಮೊದಲು ತೀರ್ಮಾನ ಆಗಬೇಕಾದ್ದು ಬೇರೆಯೇ ಇದೆ. ಮೀಡಿಯಾ ಸಾಫ್ಟ್‌ವೇರ್ 'ಪ್ಲೇ ಆಯಿತು' ಅಂತ ಸುದ್ದಿ ಹೇಳುತ್ತದೆ. ಬಲ್ಬ್ ಹೇಳಿದ ಕೆಲಸ ಮಾಡುತ್ತದೆ. ನಡುವೆ ಕೂತು 'ಈಗ ಲೈಟ್ ತಗ್ಗಿಸಬೇಕಾ ಬೇಡವಾ' ಅಂತ ಯೋಚಿಸುವುದು ಆಟೊಮೇಷನ್ ಸೇವೆ. ಆ ಯೋಚನೆ ನಿಮ್ಮ ಮನೆಯೊಳಗೆ ನಡೆಯಬೇಕಾ, ಹೊರಗಿನ ಯಾವುದೋ ಕಂಪನಿಯ ಕಂಪ್ಯೂಟರ್‌ನಲ್ಲಿ ನಡೆದರೂ ಸರಿಯಾ? ಇದೊಂದು ಇತ್ಯರ್ಥವಾದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿಯಿತು.

ಸುದ್ದಿ ಹೋಗುವ ದಾರಿ

ಹಾಲ್‌ನಲ್ಲಿ ಟಿವಿ ಇದೆ. ರೂಮಿನ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಪ್ಲೆಕ್ಸ್ ಸರ್ವರ್ ಓಡುತ್ತಿದೆ. ನೀವು ರಿಮೋಟ್‌ನಲ್ಲಿ ಪ್ಲೇ ಒತ್ತಿದಿರಿ.

ಐಎಫ್‌ಟಿಟಿಟಿ (ಆ್ಯಪ್, ಸಾಧನಗಳನ್ನು ಒಂದಕ್ಕೊಂದು ಜೋಡಿಸುವ ಇಂಟರ್ನೆಟ್ ಸೇವೆ) ಥರದ ಕ್ಲೌಡ್ ಸೇವೆ ಇಟ್ಟುಕೊಂಡಿದ್ದರೆ ಆಗುವುದು ಹೀಗೆ. ಲ್ಯಾಪ್‌ಟಾಪ್ ಒಂದು ಸಂದೇಶವನ್ನು ಇಂಟರ್ನೆಟ್ ಮೂಲಕ ಐಎಫ್‌ಟಿಟಿಟಿಗೆ ಕಳಿಸುತ್ತದೆ. ಅಲ್ಲಿ ನಿಮ್ಮ ಆಪ್ಲೆಟ್, ಅಂದರೆ ನೀವು ಜೋಡಿಸಿಟ್ಟ ನಿಯಮ, ಓಡುತ್ತದೆ. ಅದು ಬಲ್ಬ್ ಕಂಪನಿಯ ಕ್ಲೌಡ್‌ಗೆ ಹೇಳುತ್ತದೆ. ಆ ಕ್ಲೌಡ್ ನಿಮ್ಮ ರೂಟರ್ ದಾಟಿ ಬಂದು ಬಲ್ಬ್‌ಗೆ ಹೇಳುತ್ತದೆ. ಹತ್ತು ಅಡಿ ಆಚೆ ಇರುವ ಬಲ್ಬ್‌ಗೆ ಸುದ್ದಿ ಮುಟ್ಟಬೇಕಾದರೆ ಹೊರಗಿನ ಎರಡು ಕಂಪನಿಗಳ ಸರ್ವರ್ ಎಚ್ಚರವಾಗಿರಬೇಕು. ಎಲ್ಲ ಸರಿ ಇದ್ದ ದಿನ ಒಂದೆರಡು ಸೆಕೆಂಡಿನಲ್ಲಿ ಆಗುತ್ತದೆ. ಕೆಲವು ದಿನ ಟೈಟಲ್ ಕಾರ್ಡ್ ಮುಗಿದ ಮೇಲೆ ಲೈಟ್ ತಗ್ಗುತ್ತದೆ. ಫೈಬರ್ ಕಟ್ ಆದ ದಿನ ಸಿನಿಮಾ ಹಾರ್ಡ್ ಡಿಸ್ಕ್‌ನಿಂದ ಓಡುತ್ತಿರುತ್ತದೆ, ಲೈಟ್ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಹೋಮ್ ಅಸಿಸ್ಟೆಂಟ್ ಥರದ, ಮನೆಯ ಕಂಪ್ಯೂಟರ್‌ನಲ್ಲೇ ಓಡುವ ಆಟೊಮೇಷನ್ ಸಾಫ್ಟ್‌ವೇರ್ ಇದ್ದರೆ ಸುದ್ದಿ ರೂಟರ್ ದಾಟುವುದೇ ಇಲ್ಲ. ಸರ್ವರ್‌ನಿಂದ ಹೋಮ್ ಅಸಿಸ್ಟೆಂಟ್‌ಗೆ, ಅಲ್ಲಿಂದ ಬಲ್ಬ್‌ಗೆ. ಬಲ್ಬ್ ಕೂಡ ಮನೆಯೊಳಗಿನ ಮಾತು ಕೇಳುವ ಜಾತಿಯದ್ದಾಗಿದ್ದರೆ ಪ್ಲೇ ಒತ್ತಿದ್ದು, ಲೈಟ್ ತಗ್ಗಿದ್ದು ಎರಡೂ ಒಟ್ಟಿಗೇ ಆದ ಹಾಗೆ ಕಾಣುತ್ತದೆ.

ಹಾಗಂತ ಕ್ಲೌಡ್ ಕೆಲಸಕ್ಕೇ ಬಾರದು ಅಂತಲ್ಲ. 'ಹೊಸ ಸಿನಿಮಾ ಲೈಬ್ರರಿಗೆ ಸೇರಿದೆ' ಅನ್ನುವ ಮೆಸೇಜ್ ಅರ್ಧ ನಿಮಿಷ ತಡವಾಗಿ ಫೋನಿಗೆ ಬಂದರೆ ಯಾರಿಗೇನು ನಷ್ಟ? ನೋಡಿದ ಸಿನಿಮಾಗಳ ಪಟ್ಟಿ ಒಂದು ಶೀಟ್‌ನಲ್ಲಿ ತಾನಾಗಿ ಬರೆದುಕೊಳ್ಳಬೇಕು ಅಂದರೂ ಅಷ್ಟೇ. ಲೈಟು, ಫ್ಯಾನು, ಎಸಿ ಮುಂತಾಗಿ ಕಣ್ಣೆದುರೇ ಆಗಬೇಕಾದ ಕೆಲಸಕ್ಕೆ ಮನೆಯೊಳಗಿನ ದಾರಿ ಹಿಡಿಯಿರಿ.

ಪ್ಲೆಕ್ಸ್ ಇದ್ದವರಿಗೆ

ಪ್ಲೆಕ್ಸ್‌ನಲ್ಲಿ ವೆಬ್‌ಹುಕ್ ಅನ್ನುವ ಸೌಲಭ್ಯ ಇದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ವಿಳಾಸ ಅಂಟಿಸಿದರೆ ಏನಾದರೂ ಆದಾಗಲೆಲ್ಲ ಸರ್ವರ್ ಆ ವಿಳಾಸಕ್ಕೆ ಸುದ್ದಿ ಕಳಿಸುತ್ತದೆ. ಪ್ಲೇ, ಪಾಜ್, ರೆಸ್ಯೂಮ್, ಸ್ಟಾಪ್ ಎಲ್ಲಕ್ಕೂ ಬೇರೆ ಬೇರೆ ಹೆಸರಿನ ಸುದ್ದಿ. 90% ನೋಡಿ ಆದ ಮೇಲೆ 'ಸ್ಕ್ರಾಬಲ್' ಅಂತ ಇನ್ನೊಂದು. ಲೈಬ್ರರಿಗೆ ಹೊಸದು ಸೇರಿದರೆ ಮತ್ತೊಂದು. ಸುದ್ದಿಯ ಜೊತೆ ಯಾರು ನೋಡುತ್ತಿದ್ದಾರೆ, ಯಾವ ಸಾಧನದಲ್ಲಿ, ಅದು ಮನೆಯ ಒಳಗಿದೆಯಾ ಹೊರಗಿದೆಯಾ, ಸಿನಿಮಾನಾ ಹಾಡಾ, ಇಷ್ಟೂ ವಿವರ ಬರುತ್ತದೆ. ಪ್ಲೇ ಸುದ್ದಿಯ ಜೊತೆಗೆ ಪೋಸ್ಟರಿನ ಸಣ್ಣ ಚಿತ್ರ ಕೂಡ.

ಕೊಕ್ಕೆ ಎರಡು. ಮೊದಲನೆಯದು ದುಡ್ಡು. ವೆಬ್‌ಹುಕ್ ಬೇಕಾದರೆ ಪ್ಲೆಕ್ಸ್ ಪಾಸ್ ಅನ್ನುವ ಚಂದಾ ಬೇಕು. 2025ರ ಏಪ್ರಿಲ್ 29ರಿಂದ ಅದರ ಲೈಫ್‌ಟೈಮ್ ಬೆಲೆ 119.99 ಡಾಲರ್‌ನಿಂದ 249.99 ಡಾಲರ್‌ಗೆ, ವರ್ಷದ ಬೆಲೆ 39.99ರಿಂದ 69.99 ಡಾಲರ್‌ಗೆ ಏರಿತು. ಮನೆಯಾಚೆಯಿಂದ ನೋಡುವುದಕ್ಕೂ ಅವತ್ತಿನಿಂದಲೇ ಕಾಸು. ಲೈಟ್ ತಗ್ಗಿಸುವ ಆಸೆ ಒಂದಕ್ಕೇ ಇಷ್ಟು ಕೊಡಿ ಅಂತ ನಾನಂತೂ ಹೇಳಲಾರೆ.

ಎರಡನೆಯ ಕೊಕ್ಕೆ ಹಣ ಕೊಟ್ಟ ಮೇಲೆ ಗೊತ್ತಾಗುತ್ತದೆ. ಈ ವೆಬ್‌ಹುಕ್‌ಗೆ ಜರಡಿ ಇಲ್ಲ. 'ಪ್ಲೇ ಆದಾಗ ಮಾತ್ರ ಹೇಳು', 'ಹಾಲ್ ಟಿವಿಯದ್ದು ಮಾತ್ರ ಹೇಳು' ಅನ್ನೋ ಹಾಗಿಲ್ಲ. ಎಲ್ಲವನ್ನೂ ಒಂದೇ ವಿಳಾಸಕ್ಕೆ ಸುರಿಯುತ್ತದೆ. ಐಎಫ್‌ಟಿಟಿಟಿಯ ವೆಬ್‌ಹುಕ್ ವಿಳಾಸವನ್ನು ತಂದು ನೇರ ಇಲ್ಲಿ ಅಂಟಿಸಿದರೆ ಪ್ಲೇ ಮಾಡಿದರೂ ಲೈಟ್ ತಗ್ಗುತ್ತದೆ, ಪಾಜ್ ಮಾಡಿದರೂ ಅದೇ ಆಪ್ಲೆಟ್ ಓಡುತ್ತದೆ, ಸ್ಟಾಪ್ ಮಾಡಿದರೂ ಅದೇ. ಮಗಳು ರೂಮಿನಲ್ಲಿ ಫೋನಿನಲ್ಲಿ ಹಾಡು ಹಾಕಿದರೂ ಹಾಲ್ ಕತ್ತಲೆ. ನಿಮ್ಮ ಲೈಬ್ರರಿಯನ್ನು ಅಮೆರಿಕದಲ್ಲಿರುವ ಅಕ್ಕನಿಗೆ ಶೇರ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಅವರು ಅಲ್ಲಿ ರಾತ್ರಿ ಊಟ ಮುಗಿಸಿ ಸಿನಿಮಾ ಹಾಕಿದರೆ ಇಲ್ಲಿ ಬೆಳಿಗ್ಗೆ ನಿಮ್ಮ ಅಪ್ಪ ಪೇಪರ್ ಓದುತ್ತಾ ಕೂತಿದ್ದಾಗ ಲೈಟ್ ಹೋಗುತ್ತದೆ! ನಡುವೆ ಸೋಸುವವರು ಒಬ್ಬರು ಬೇಕೇ ಬೇಕು.

ಆ ಸೋಸುವ ಕೆಲಸಕ್ಕೆ ಟಾಟುಲ್ಲಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಮೊದಲು ಇದರ ಹೆಸರು ಪ್ಲೆಕ್ಸ್‌ಪೈ. ಪ್ಲೆಕ್ಸ್ ಸರ್ವರ್ ಪಕ್ಕದಲ್ಲಿ ಕೂತು ಯಾರು ಏನು ನೋಡುತ್ತಿದ್ದಾರೆ ಅಂತ ಗಮನಿಸುವುದೇ ಇದರ ಕೆಲಸ. ಪ್ಲೆಕ್ಸ್ ಪಾಸ್ ಇಲ್ಲದಿದ್ದರೂ ನಡೆಯುತ್ತದೆ. 'ಪ್ಲೇಯರ್ ಹಾಲ್ ಟಿವಿ ಆಗಿದ್ದು, ಓಡುತ್ತಿರುವುದು ಸಿನಿಮಾ ಆಗಿದ್ದರೆ ಮಾತ್ರ' ಅಂತ ಷರತ್ತು ಹಾಕಿ ವೆಬ್‌ಹುಕ್ ಕಳಿಸಬಹುದು. ಐಎಫ್‌ಟಿಟಿಟಿಗೆ, ಟೆಲಿಗ್ರಾಂಗೆ ನೇರ ಕಳಿಸುವ ವ್ಯವಸ್ಥೆಯೂ ಒಳಗೇ ಇದೆ. ಹೊಸ ಸಿನಿಮಾ ಸೇರಿದಾಗ ಮನೆಯವರ ಟೆಲಿಗ್ರಾಂ ಗ್ರೂಪಿಗೆ ಪೋಸ್ಟರ್ ಸಮೇತ ಹೋಗಬೇಕು ಅನ್ನುವಷ್ಟೇ ಆಸೆ ಇದ್ದರೆ ಇದೊಂದೇ ಸಾಕು. ಮುಂದೆ ಓದುವ ಅಗತ್ಯವೂ ಇಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಹೋಮ್ ಅಸಿಸ್ಟೆಂಟ್ ಪ್ಲೆಕ್ಸ್ ಜೊತೆ ಮಾತಾಡಲು ವೆಬ್‌ಹುಕ್ ಬಳಸುವುದೇ ಇಲ್ಲ. ಅದು ಸರ್ವರ್‌ಗೆ ನೇರ ಸಂಪರ್ಕ ಇಟ್ಟುಕೊಂಡಿರುತ್ತದೆ. ಹಾಗಾಗಿ ಅಲ್ಲೂ ಪ್ಲೆಕ್ಸ್ ಪಾಸ್ ಬೇಡ. ಶೇರ್ ಮಾಡಿಕೊಂಡವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳುವ ಆಯ್ಕೆಯೂ ಅದರಲ್ಲಿದೆ. ಅಕ್ಕನ ಸಮಸ್ಯೆ ಅಲ್ಲಿಗೆ ಮುಗಿಯಿತು.

ಜೆಲ್ಲಿಫಿನ್, ಎಂಬಿ, ಕೋಡಿ

ಎಂಬಿ ಅನ್ನುವ ಇನ್ನೊಂದು ಮೀಡಿಯಾ ಸರ್ವರ್ ತನ್ನ ಕೋಡ್ ಮುಚ್ಚಿದ ಮೇಲೆ, 2018ರ ಡಿಸೆಂಬರ್‌ನಲ್ಲಿ, ಅದರಿಂದ ಕವಲೊಡೆದು ಬಂದದ್ದು ಜೆಲ್ಲಿಫಿನ್. ಪೂರ್ತಿ ಉಚಿತ, ಯಾವ ಸೌಲಭ್ಯಕ್ಕೂ ಬೀಗ ಇಲ್ಲ. ವೆಬ್‌ಹುಕ್ ಬೇಕಾದರೆ ಪ್ಲಗಿನ್ ಕೆಟಲಾಗ್‌ನಿಂದ ವೆಬ್‌ಹುಕ್ ಪ್ಲಗಿನ್ ಹಾಕಿಕೊಂಡು ಸರ್ವರ್ ರೀಸ್ಟಾರ್ಟ್ ಮಾಡಬೇಕು. ಪ್ಲೆಕ್ಸ್‌ನಲ್ಲಿ ಇಲ್ಲದ ಜರಡಿ ಇಲ್ಲಿದೆ. ಯಾವ ಬಳಕೆದಾರರದ್ದು, ಸಿನಿಮಾನಾ ಎಪಿಸೋಡಾ ಹಾಡಾ, ಯಾವ ಘಟನೆ, ಎಲ್ಲ ಟಿಕ್ ಹಾಕಿ ಆರಿಸಬಹುದು. ಕಳಿಸುವ ಸಂದೇಶ ಹೇಗಿರಬೇಕು ಅಂತ ನೀವೇ ಬರೆಯಬಹುದು. ಸ್ಮಾರ್ಟ್ ಸಾಧನಗಳು ಸಂದೇಶ ಹಂಚಿಕೊಳ್ಳಲು ಬಳಸುವ ಎಂಕ್ಯೂಟಿಟಿಗೂ ಕಳಿಸುತ್ತದೆ.

ಇದರ ಕೊಕ್ಕೆ ಪಾಜ್‌ನಲ್ಲಿ ಇದೆ. ಶುರು, ಮುಗಿತು ಅನ್ನುವುದಕ್ಕೆ ಪ್ರತ್ಯೇಕ ಸುದ್ದಿ ಬರುತ್ತದೆ. ಪಾಜ್ ಆಯಿತು ಅನ್ನುವುದಕ್ಕೆ ಪ್ರತ್ಯೇಕ ಸುದ್ದಿ ಇಲ್ಲ. ಓಡುತ್ತಿರುವಾಗ ಆಗಾಗ ಬರುವ 'ಪ್ರೋಗ್ರೆಸ್' ಸುದ್ದಿಯೊಳಗೆ 'ಪಾಜ್ ಆಗಿದೆಯಾ' ಅನ್ನುವ ಒಂದು ಕಾಲಂ ಇರುತ್ತದೆ, ಅದನ್ನು ತೆಗೆದು ನೋಡಬೇಕು. ಅಂದರೆ ತೀರ್ಮಾನ ಮಾಡುವ ಸೇವೆ ಸ್ವಲ್ಪ ಬುದ್ಧಿ ಇರುವಂಥದ್ದಾಗಬೇಕು. ಐಎಫ್‌ಟಿಟಿಟಿಗೆ ಈ ಪ್ರೋಗ್ರೆಸ್ ಸುದ್ದಿಗಳನ್ನು ಕಳಿಸುವ ಯೋಚನೆಯನ್ನೇ ಬಿಡಿ. ಇನ್ನೊಂದು ಚಿಕ್ಕ ವಿಷಯ: ಜೆನೆರಿಕ್ ಅನ್ನುವ ಬಗೆಯನ್ನು ಆರಿಸಿದರೆ ಸಂದೇಶ ಜೇಸನ್ (ಮಾಹಿತಿಯನ್ನು ಜೋಡಿಸಿ ಬರೆಯುವ ಒಂದು ರೂಪ) ಬಗೆಯದ್ದು ಅಂತ ಹೇಳುವ ಹೆಡರ್ ಅನ್ನು, ಅಂದರೆ ಸಂದೇಶದ ಮೇಲಿನ ಚೀಟಿಯನ್ನು, ನೀವೇ ಸೇರಿಸಬೇಕು. ಅದು ಬಿಟ್ಟುಹೋದರೆ ಆ ಕಡೆಯವರಿಗೆ ಸಂದೇಶ ಮುಟ್ಟುತ್ತದೆ, ಅರ್ಥ ಆಗುವುದಿಲ್ಲ. ಜನ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಹೋಮ್ ಅಸಿಸ್ಟೆಂಟ್‌ನಲ್ಲಿ ಜೆಲ್ಲಿಫಿನ್‌ಗೂ ಸಿದ್ಧ ಜೋಡಣೆ ಇದೆ. ಆದರೆ ಅದು ಸರ್ವರ್ ಹೇಳುವವರೆಗೆ ಕಾಯುವುದಿಲ್ಲ, ತಾನೇ ಕೆಲವು ಸೆಕೆಂಡಿಗೊಮ್ಮೆ ಹೋಗಿ 'ಏನಾದರೂ ಆಯಿತಾ' ಅಂತ ಕೇಳಿ ಬರುತ್ತದೆ. ಅಷ್ಟು ತಡ ಸಹಿಸುತ್ತೀರಾದರೆ ಅದೇ ಸಾಕು. ಲೈಟ್ ತಟ್ಟನೆ ತಗ್ಗಬೇಕು ಅಂದರೆ ಪ್ಲೇ ಸುದ್ದಿಗೆ ವೆಬ್‌ಹುಕ್ ಪ್ಲಗಿನ್, ಪಾಜ್ ನೋಡಲು ಸಿದ್ಧ ಜೋಡಣೆ, ಹೀಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ.

ಎಂಬಿಯಲ್ಲಿ ವೆಬ್‌ಹುಕ್‌ಗೆ ಎಂಬಿ ಪ್ರೀಮಿಯರ್ ಕೊಳ್ಳಬೇಕು. ಈಗಾಗಲೇ ಕೊಂಡಿದ್ದರೆ ಬಳಸಿ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ.

ಕೋಡಿಯ ಕಥೆ ಬೇರೆ. 2014ರವರೆಗೆ ಎಕ್ಸ್‌ಬಿಎಂಸಿ ಅಂತ ಕರೆಸಿಕೊಳ್ಳುತ್ತಿದ್ದ ಇದು ಸರ್ವರ್ ಅಲ್ಲ, ಪ್ಲೇಯರ್. ಟಿವಿ ಬಾಕ್ಸ್‌ನಲ್ಲೇ ಕೂತಿರುತ್ತದೆ. ಹಾಗಾಗಿ ಯಾವ ಟಿವಿ, ಯಾರ ಫೋನು ಅನ್ನುವ ಗೊಂದಲವೇ ಹುಟ್ಟುವುದಿಲ್ಲ. ಹಾಲ್‌ನ ಕೋಡಿ ಹೇಳಿದರೆ ಅದು ಹಾಲ್‌ನದ್ದೇ. ಸರ್ವೀಸಸ್ ಸೆಟ್ಟಿಂಗ್‌ನಲ್ಲಿ ಎಚ್‌ಟಿಟಿಪಿ ರಿಮೋಟ್ ಕಂಟ್ರೋಲ್‌ಗೆ ಅನುಮತಿ ಕೊಟ್ಟು, ಒಂದು ಪಾಸ್‌ವರ್ಡ್ ಇಟ್ಟರೆ ಹೋಮ್ ಅಸಿಸ್ಟೆಂಟ್ ಅದನ್ನು ಹಿಡಿದುಕೊಳ್ಳುತ್ತದೆ. ಪ್ಲೇ, ಪಾಜ್, ಸ್ಟಾಪ್ ಆದ ಕ್ಷಣವೇ ಕೋಡಿ ಹೇಳುತ್ತದೆ. ಒಂದೇ ಟಿವಿ ಇರುವ ಮನೆಗೆ, ಲೈಟ್ ವಿಷಯದಲ್ಲಿ, ಇದಕ್ಕಿಂತ ಕರಾರುವಾಕ್ಕಾದದ್ದು ಸಿಗುವುದು ಕಷ್ಟ. ಕ್ಲೌಡ್ ಸೇವೆಗಳ ಜೊತೆ ಮಾತ್ರ ಇದರ ನಂಟು ಕಡಿಮೆ.

ತೀರ್ಮಾನ ಯಾರ ಕೈಗೆ ಕೊಡುವುದು

ಐಎಫ್‌ಟಿಟಿಟಿ ಒಂದು ಕಾಲದಲ್ಲಿ ಎಲ್ಲರ ಮೊದಲ ಆಯ್ಕೆ. 'ಇದು ಆದರೆ ಅದು ಮಾಡು' ಅಂತ ಫೋನಿನಲ್ಲೇ ಎರಡು ನಿಮಿಷದಲ್ಲಿ ಜೋಡಿಸಬಹುದಿತ್ತು, ಉಚಿತವಾಗಿ, ಎಷ್ಟು ಬೇಕಾದರೂ. 2020ರ ಸೆಪ್ಟೆಂಬರ್‌ನಲ್ಲಿ ಪ್ರೊ ಪ್ಲಾನ್ ಬಂತು, ಉಚಿತ ಖಾತೆಗೆ ಮೂರೇ ಆಪ್ಲೆಟ್ ಅಂತಾಯಿತು. ಆಮೇಲೆ ಅದೂ ಎರಡಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ. ಪ್ಲೇಗೆ ಒಂದು, ಸ್ಟಾಪ್‌ಗೆ ಒಂದು. ಪಾಜ್‌ಗೆ ಜಾಗವೇ ಇಲ್ಲ. ಖಾತೆ ತೆರೆಯುವ ಮೊದಲು ವೆಬ್‌ಹುಕ್ ಯಾವ ಪ್ಲಾನ್‌ನಲ್ಲಿದೆ ಅಂತಲೂ ನೋಡಿಕೊಳ್ಳಿ.

ದುಡ್ಡಿಗಿಂತ ನನಗೆ ಜಾಸ್ತಿ ಯೋಚನೆ ಹತ್ತಿಸುವುದು ಬೇರೆ. ಇಂಥ ನಡುವಿನ ಸೇವೆಯ ಬದುಕು ಎರಡು ಬದಿಯ ಕಂಪನಿಗಳ ಮರ್ಜಿಯ ಮೇಲೆ ನಿಂತಿದೆ. 2022ರ ಆಗಸ್ಟ್ ಕೊನೆಗೆ ಗೂಗಲ್ ಅಸಿಸ್ಟೆಂಟ್ ಜೊತೆಗಿನ ಜೋಡಣೆ ಬದಲಾಗಿ, ಮಾತಿನೊಳಗೆ ಸಂಖ್ಯೆ ಅಥವಾ ಪದ ಸೇರಿಸಿ ಹೇಳುತ್ತಿದ್ದ ಆಪ್ಲೆಟ್‌ಗಳು ನಿಂತುಹೋದವು. 2023ರ ಅಕ್ಟೋಬರ್ ಕೊನೆಗೆ ಅಲೆಕ್ಸಾ ಸೇವೆಯೇ ಐಎಫ್‌ಟಿಟಿಟಿಯಿಂದ ಹೊರಟುಹೋಯಿತು. ಬಳಸುತ್ತಿದ್ದವರು ಏನೂ ತಪ್ಪು ಮಾಡಿರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಕೆಲಸ ಮಾಡಲಿಲ್ಲ, ಅಷ್ಟೇ. ನೋಟಿಫಿಕೇಶನ್, ಪಟ್ಟಿ ಬರೆಯುವಂಥ ಕೆಲಸಕ್ಕೆ ಇದನ್ನು ಇಟ್ಟುಕೊಳ್ಳಿ, ಮನೆಯ ಲೈಟು ಇದರ ಕೈಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಗೂಗಲ್ ಹೋಮ್, ಅಲೆಕ್ಸಾ ರೂಟೀನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಸಿನಿಮಾ ಟೈಮ್' ಅಂತ ಬಾಯಲ್ಲಿ ಹೇಳಿ ಲೈಟ್ ತಗ್ಗಿಸುವಷ್ಟಕ್ಕೆ ಎರಡೂ ಚೆನ್ನಾಗಿವೆ, ಖರ್ಚೂ ಇಲ್ಲ. ಆದರೆ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಕಳಿಸುವ ವೆಬ್‌ಹುಕ್ ಅನ್ನು ನೇರ ತೆಗೆದುಕೊಳ್ಳುವ ಬಾಗಿಲು ಅವುಗಳಲ್ಲಿ ಇಲ್ಲ. ಬಾಯಲ್ಲಿ ಹೇಳುವುದೇ ಸಾಕು ಅನ್ನುವವರು ಅಲ್ಲಿಗೇ ನಿಲ್ಲಿಸಬಹುದು. ಅದರಲ್ಲಿ ತಪ್ಪೇನಿಲ್ಲ.

ಈಗ ಹೋಮ್ ಅಸಿಸ್ಟೆಂಟ್. ಗೂಗಲ್ ಅಸಿಸ್ಟೆಂಟ್‌ಗೂ ಇದಕ್ಕೂ ಸಂಬಂಧ ಇಲ್ಲ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರು ಮಾಡಿದ ಓಪನ್ ಸೋರ್ಸ್ ಯೋಜನೆ ಇದು. 2024ರಿಂದ ಓಪನ್ ಹೋಮ್ ಫೌಂಡೇಶನ್ ಅನ್ನುವ ಸಂಸ್ಥೆಯ ಕೈಯಲ್ಲಿದೆ. ಪ್ಲೆಕ್ಸ್, ಜೆಲ್ಲಿಫಿನ್, ಎಂಬಿ, ಕೋಡಿ ನಾಲ್ಕಕ್ಕೂ ಸಿದ್ಧ ಜೋಡಣೆ ಇದೆ. ಕ್ರೋಮ್‌ಕಾಸ್ಟ್, ಆಂಡ್ರಾಯ್ಡ್ ಟಿವಿ, ಎಲ್‌ಜಿಯ ವೆಬ್‌ಓಎಸ್ ಟಿವಿಗೂ ಇದೆ. ಪ್ರತಿ ಪ್ಲೇಯರ್ ಅದರೊಳಗೆ ಒಂದು ಹೆಸರಾಗಿ ಕಾಣುತ್ತದೆ. ಅದರ ಎದುರಿಗೆ 'ಓಡುತ್ತಿದೆ', 'ಪಾಜ್ ಆಗಿದೆ', 'ಸುಮ್ನೆ ಇದೆ' ಅಂತ ಸ್ಥಿತಿ. ನಿಮ್ಮ ನಿಯಮಗಳೆಲ್ಲ ಆ ಸ್ಥಿತಿ ಬದಲಾಗುವುದನ್ನು ಹಿಡಿದುಕೊಂಡೇ ನಡೆಯುತ್ತವೆ.

ಒಂದು ನಿಯಮವನ್ನು ಹತ್ತಿರದಿಂದ ನೋಡೋಣ. ಹಾಲ್ ಟಿವಿಯ ಪ್ಲೇಯರ್ 'ಓಡುತ್ತಿದೆ' ಆದಾಗ, ಸೂರ್ಯ ಮುಳುಗಿದ್ದರೆ, ಓಡುತ್ತಿರುವುದು ಸಿನಿಮಾ ಆಗಿದ್ದರೆ, ಹಾಲ್‌ನ ಲೈಟ್ 10%ಗೆ ಇಳಿಸು. ಇಷ್ಟು ಬರೆದು ಸಂಭ್ರಮಪಡುವ ಹೊತ್ತಿಗೆ ಎರಡು ತೊಂದರೆ ಎದುರಾಗುತ್ತವೆ. ಸೀರಿಯಲ್ ಅಥವಾ ವೆಬ್ ಸರಣಿಗೂ ಇದೇ ನಿಯಮ ಹಾಕಿದರೆ, ಒಂದು ಎಪಿಸೋಡ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಪ್ಲೇಯರ್ ಕೆಲವು ಸೆಕೆಂಡು 'ಸುಮ್ನೆ' ಸ್ಥಿತಿಗೆ ಹೋಗುತ್ತದೆ. ಲೈಟ್ ಫಳ್ ಅಂತ ಹತ್ತಿ ಮತ್ತೆ ಆರುತ್ತದೆ. ಕಣ್ಣಿಗೆ ಹಿಂಸೆ. ಅದಕ್ಕೆ 'ಈ ಸ್ಥಿತಿಯಲ್ಲಿ 20 ಸೆಕೆಂಡು ಇದ್ದರೆ ಮಾತ್ರ' ಅಂತ ಕಾಯುವ ಷರತ್ತು ಸೇರಿಸಬೇಕು. ಪಾಜ್‌ಗೆ ಮೂರು ಸೆಕೆಂಡು ಸಾಕು. ಐಎಫ್‌ಟಿಟಿಟಿಯ ಸರಳ ಆಪ್ಲೆಟ್‌ನಲ್ಲಿ ಇಂಥ ಕಾಯುವಿಕೆಗೆ ಜಾಗ ಇಲ್ಲ, ಇಲ್ಲಿ ಒಂದು ಸಾಲು.

ಎರಡನೆಯದು, ಮುಗಿದ ಮೇಲೆ ಲೈಟ್ ಎಷ್ಟಕ್ಕೆ ಏರಬೇಕು? 100% ಅಂತ ಬರೆದರೆ ರಾತ್ರಿ ಹನ್ನೊಂದೂವರೆಗೆ ಸಿನಿಮಾ ಮುಗಿದಾಗ ಹಾಲ್ ಮದುವೆ ಮನೆ ಥರ ಝಗಮಗ. ಶುರುವಿನಲ್ಲಿ ಲೈಟುಗಳು ಹೇಗಿದ್ದವೋ ಅದರ ನಕಲು ತೆಗೆದಿಟ್ಟು, ಕೊನೆಗೆ ಅದನ್ನೇ ವಾಪಸ್ ತರುವ ಸೌಲಭ್ಯ ಹೋಮ್ ಅಸಿಸ್ಟೆಂಟ್‌ನಲ್ಲಿ ಇದೆ. ಹೀಗೆ ಓಡುವಾಗಲೇ ತೆಗೆದ ನಕಲು ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ನಡುವೆ ಕರೆಂಟ್ ಹೋಗಿ ಬಂದರೆ ಅದಿಲ್ಲ. 'ನಕಲು ಸಿಗದಿದ್ದರೆ 30%' ಅಂತ ಒಂದು ಬದಲಿ ಇಟ್ಟಿರಿ.

ಖರ್ಚು? ಸಾಫ್ಟ್‌ವೇರ್ ಉಚಿತ, ಓಡಿಸಲು ಯಂತ್ರ ಬೇಕು. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ನಡೆಯುತ್ತದೆ. ಸಿದ್ಧ ಪೆಟ್ಟಿಗೆ ಬೇಕಾದರೆ 2023ರಲ್ಲಿ 99 ಡಾಲರ್‌ಗೆ ಬಿಡುಗಡೆಯಾದ ಹೋಮ್ ಅಸಿಸ್ಟೆಂಟ್ ಗ್ರೀನ್ ಇದೆ. ನನಗೆ ಇಷ್ಟ ಆಗುವುದು ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಇನ್ನೂ ಜೀವಂತ ಇದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಪೈ ಇಟ್ಟುಕೊಂಡರೆ ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ, ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಕಾರ್ಡ್‌ಗಳು ಬೇಗ ಕೈಕೊಡುತ್ತವೆ. ನಿಜವಾದ ಬೆಲೆ ನಿಮ್ಮ ಸಮಯ. ಒಂದೆರಡು ಭಾನುವಾರ ಇದಕ್ಕೇ ಹೋಗುತ್ತದೆ. ಪ್ರತಿ ತಿಂಗಳು ಹೊಸ ಆವೃತ್ತಿ ಬರುತ್ತದೆ, ಅದನ್ನು ನೋಡಿಕೊಳ್ಳುವವರು ಮನೆಯಲ್ಲಿ ಒಬ್ಬರು ಇರಬೇಕು. ಆ ಒಬ್ಬರು ನೀವೇ ಅಲ್ವಾ?

ನೋಡ್-ರೆಡ್ ಇನ್ನೊಂದು ದಾರಿ. 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಪರದೆಯ ಮೇಲೆ ಡಬ್ಬಿಗಳನ್ನು ಎಳೆದು ತಂತಿ ಜೋಡಿಸಿದ ಹಾಗೆ ನಿಯಮ ಬರೆಯುವುದು. ಪ್ಲೆಕ್ಸ್ ವೆಬ್‌ಹುಕ್ ಸೋಸಲು ಇದು ತುಂಬ ಚೆನ್ನಾಗಿದೆ. ಒಂದೇ ಎಚ್ಚರಿಕೆ. ಪ್ಲೆಕ್ಸ್ ತನ್ನ ಸುದ್ದಿಯನ್ನು ಚಿತ್ರದ ಜೊತೆ ಸೇರಿಸಿ ಫಾರ್ಮ್ ರೂಪದಲ್ಲಿ ಕಳಿಸುತ್ತದೆ. ನೋಡ್-ರೆಡ್‌ನ 'ಎಚ್‌ಟಿಟಿಪಿ ಇನ್' ಡಬ್ಬಿಯಲ್ಲಿ ಫೈಲ್ ಅಪ್‌ಲೋಡ್ ಒಪ್ಪಿಕೊಳ್ಳುವ ಗುರುತು ಹಾಕದಿದ್ದರೆ ಒಳಗೆ ಏನೂ ಕಾಣುವುದಿಲ್ಲ. ಹಾಕಿದ ಮೇಲೆ 'ಪೇಲೋಡ್' ಒಳಗಿನ 'ಪೇಲೋಡ್' ತೆಗೆದು ಜೇಸನ್ ಡಬ್ಬಿಗೆ ಕೊಡಬೇಕು. ಕೋಡ್ ಬರೆಯುವ ಅಭ್ಯಾಸ ಇರುವವರಿಗೆ ಇದು ಆಟ. ಇಲ್ಲದವರು ಹೋಮ್ ಅಸಿಸ್ಟೆಂಟ್‌ನ ಸಿದ್ಧ ಜೋಡಣೆಯಲ್ಲೇ ಇರಿ.

ಬಲ್ಬು, ಸ್ವಿಚ್ಚು, ಕರೆಂಟು

ಮನೆಯೊಳಗಿನ ದಾರಿ ಹಿಡಿದ ಮೇಲೆ ಬಲ್ಬ್ ಕೂಡ ಮನೆಯೊಳಗಿನ ಮಾತು ಕೇಳಬೇಕು. ಫಿಲಿಪ್ಸ್ ಹ್ಯೂ, ವಿಜ್, ಟಿಪಿ-ಲಿಂಕ್‌ನ ಟಾಪೊ, ಇವುಗಳ ಜೊತೆ ಹೋಮ್ ಅಸಿಸ್ಟೆಂಟ್ ಮನೆಯ ನೆಟ್‌ವರ್ಕ್‌ನಲ್ಲೇ ಮಾತಾಡುತ್ತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಬ್ರ್ಯಾಂಡ್‌ಗಳ ಒಳಗಿರುವುದು ತುಯಾ ಅನ್ನುವ ಕಂಪನಿಯ ತಂತ್ರಜ್ಞಾನ. ಅದರ ಅಧಿಕೃತ ಜೋಡಣೆ ತುಯಾ ಕ್ಲೌಡ್ ಮೂಲಕ ಹೋಗುತ್ತದೆ. ಮನೆಯೊಳಗೇ ಮಾತಾಡಿಸುವ ಹವ್ಯಾಸಿಗಳ ದಾರಿಗಳು ಇವೆ, ತಾಳ್ಮೆ ಬೇಕು. ಬಹುಪಾಲು ವೈಫೈ ಬಲ್ಬ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ ಅನ್ನುವುದನ್ನೂ ನೋಡಿಕೊಳ್ಳಿ.

ಕರೆಂಟ್ ಹೋಗಿ ಬಂದಾಗ ಸ್ಮಾರ್ಟ್ ಬಲ್ಬ್ ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲಿ ಹತ್ತಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೂ ಅಷ್ಟೇ. ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೆ ಹೋಗು ಅನ್ನುವ ಸೆಟ್ಟಿಂಗ್ ಇರುವ ಬಲ್ಬನ್ನೇ ಆರಿಸಿ. ರೂಟರ್, ಸರ್ವರ್ ಎರಡೂ ಯುಪಿಎಸ್ ಮೇಲಿರಲಿ.

ಇನ್ನು ಮನೆಯ ಹಿರಿಯರು. ಅಜ್ಜಿ ಮಲಗುವ ಮುಂಚೆ ಅಭ್ಯಾಸದಂತೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸ್ಮಾರ್ಟ್ ಬಲ್ಬ್ ನೆಟ್‌ವರ್ಕ್‌ನಿಂದಲೇ ಮಾಯ. ಅಜ್ಜಿಗೆ 'ಸ್ವಿಚ್ ಮುಟ್ಟಬೇಡಿ' ಅಂತ ಹೇಳುವ ಬದಲು ಸ್ವಿಚ್ಚಿನ ಹಿಂದೆ ಕೂರುವ ಸಣ್ಣ ರಿಲೇ ಹಾಕಿಸಿ. ಸ್ವಿಚ್ಚೂ ಕೆಲಸ ಮಾಡುತ್ತದೆ, ಆಟೊಮೇಷನ್ನೂ ಮಾಡುತ್ತದೆ. ಸಾಮಾನ್ಯ ರಿಲೇಯಲ್ಲಿ ಬೆಳಕು ತಗ್ಗಿಸಲು ಆಗುವುದಿಲ್ಲ, ಆನ್-ಆಫ್ ಅಷ್ಟೇ. ಹಾಲ್‌ನ ಟ್ಯೂಬ್‌ಲೈಟ್‌ಗೆ ಅದೇ ಸರಿ. ಟ್ಯೂಬ್ ಆರಲಿ, ಟಿವಿ ಹಿಂದಿನ ಎಲ್‌ಇಡಿ ಪಟ್ಟಿ ಮಂದವಾಗಿ ಉಳಿಯಲಿ. ರಿಲೇಗೆ ನ್ಯೂಟ್ರಲ್ ವೈರ್ ಬೇಕಾ ಅಂತ ಕೊಳ್ಳುವ ಮೊದಲು ಓದಿ. ಅದೇ ಬೋರ್ಡ್‌ನಲ್ಲಿ ಪ್ಲಗ್ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲೇ ಇರುತ್ತದೆ. ಜೋಡಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. 230 ವೋಲ್ಟ್ ಜೊತೆ ಹುಡುಗಾಟ ಬೇಡ.

ಬಾಗಿಲು ತೆರೆದಿಡಬೇಡಿ

ವೆಬ್‌ಹುಕ್ ಜೋಡಿಸೋಕೆ ಹೋಗಿ ರೂಟರ್‌ನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್‌ನಿಂದ ಒಳಬರುವ ಬಾಗಿಲು, ತೆರೆಯುವವರು ಇದ್ದಾರೆ. ಸರ್ವರ್, ಹೋಮ್ ಅಸಿಸ್ಟೆಂಟ್ ಎರಡೂ ಒಂದೇ ಮನೆಯಲ್ಲಿದ್ದರೆ ಅದರ ಅಗತ್ಯವೇ ಇಲ್ಲ. ಹೊರಗಿನಿಂದ ನೋಡಬೇಕಾದರೆ ಟೇಲ್‌ಸ್ಕೇಲ್ ಥರದ ಖಾಸಗಿ ಸಂಪರ್ಕ (ವಿಪಿಎನ್) ಬಳಸಿ. ಇಲ್ಲಿನ ಎಷ್ಟೋ ಫೈಬರ್ ಕಂಪನಿಗಳು ಮನೆಗೆ ಪ್ರತ್ಯೇಕ ಪಬ್ಲಿಕ್ ಐಪಿ ಕೊಡುವುದಿಲ್ಲವಾದ್ದರಿಂದ ಪೋರ್ಟ್ ತೆರೆದರೂ ಪ್ರಯೋಜನ ಆಗದೇ ಇರಬಹುದು.

2022ರಲ್ಲಿ ಪಾಸ್‌ವರ್ಡ್ ಕಾಪಾಡುವ ಲಾಸ್ಟ್‌ಪಾಸ್ ಕಂಪನಿಗೆ ಕನ್ನ ಬಿದ್ದಾಗ, ಕಳ್ಳರು ಒಳಹೊಕ್ಕಿದ್ದು ಅಲ್ಲಿನ ಇಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರ್‌ನಲ್ಲಿದ್ದ ಹಳೆಯ ಪ್ಲೆಕ್ಸ್ ಮೂಲಕ. ಆ ದೋಷವನ್ನು ಪ್ಲೆಕ್ಸ್ 2020ರಲ್ಲೇ ಸರಿಪಡಿಸಿತ್ತು, ಅವರು ಅಪ್‌ಡೇಟ್ ಮಾಡಿರಲಿಲ್ಲ. ಹೋಮ್ ಅಸಿಸ್ಟೆಂಟ್‌ನಲ್ಲೂ 2023ರ ಮಾರ್ಚ್‌ನಲ್ಲಿ ಪಾಸ್‌ವರ್ಡ್ ಇಲ್ಲದೇ ಒಳಹೋಗುವ ಗಂಭೀರ ದೋಷ ಸಿಕ್ಕಿ, ಸರಿಪಡಿಸಿದರು. ಯಾವುದನ್ನೇ ಆರಿಸಿ, ಅಪ್‌ಡೇಟ್ ಮಾಡುತ್ತಿರಿ. ವೆಬ್‌ಹುಕ್ ವಿಳಾಸವನ್ನು ಪಾಸ್‌ವರ್ಡ್‌ನಷ್ಟೇ ಗುಟ್ಟಾಗಿಡಿ. ಅದು ಗೊತ್ತಿದ್ದವರು ಯಾರು ಬೇಕಾದರೂ ನಿಮ್ಮ ನಿಯಮ ಓಡಿಸಬಹುದು.

ಹಾಗಾದರೆ ಯಾರಿಗೆ ಯಾವುದು

ಬಾಡಿಗೆ ಮನೆ, ಒಂದು ಟಿವಿ, ಒಂದೆರಡು ಬಲ್ಬ್, ಹೆಚ್ಚು ತಲೆನೋವು ಬೇಡ ಅಂದರೆ ರೂಟೀನ್‌ನಲ್ಲಿ ಬಾಯಲ್ಲಿ ಹೇಳಿ ಮುಗಿಸಿ. ಪ್ಲೆಕ್ಸ್ ಇದೆ, ಬರೀ ಮೆಸೇಜ್ ಬೇಕು ಅಂದರೆ ಟಾಟುಲ್ಲಿ. ಪ್ಲೆಕ್ಸ್ ಇದೆ, ಲೈಟೂ ಬೇಕು ಅಂದರೆ ಪಾಸ್ ಕೊಳ್ಳುವ ಮೊದಲು ಹೋಮ್ ಅಸಿಸ್ಟೆಂಟ್ ಹಾಕಿ ನೋಡಿ. ಈಗಷ್ಟೇ ಸರ್ವರ್ ಕಟ್ಟುತ್ತಿದ್ದೀರಿ, ಲೈಬ್ರರಿಯನ್ನು ದೂರದವರಿಗೆ ಶೇರ್ ಮಾಡುವ ಅಗತ್ಯ ಇಲ್ಲ ಅಂದರೆ ಜೆಲ್ಲಿಫಿನ್ ಮತ್ತು ಹೋಮ್ ಅಸಿಸ್ಟೆಂಟ್ ಜೋಡಿಯೇ ನನ್ನ ಆಯ್ಕೆ. ಪೈಸೆ ಚಂದಾ ಇಲ್ಲ, ಯಾವ ಕಂಪನಿ ಮುನಿಸಿಕೊಂಡರೂ ಲೈಟ್ ನಿಲ್ಲುವುದಿಲ್ಲ.

ಬಲ್ಬ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಯಮ ಪೂರ್ತಿ ಬರೆದು, ಕೊನೆಯಲ್ಲಿ 'ಲೈಟ್ ತಗ್ಗಿಸು' ಅನ್ನುವ ಕಡೆ 'ನನ್ನ ಫೋನಿಗೆ ಮೆಸೇಜ್ ಕಳಿಸು' ಅಂತ ಹಾಕಿ. ಹಾಗೇ ಒಂದು ವಾರ ಬಿಡಿ, ಮನೆಯವರು ಎಂದಿನಂತೆ ನೋಡಲಿ. ಬರಬಾರದ ಹೊತ್ತಿನಲ್ಲಿ ಬಂದ ಒಂದೊಂದು ಮೆಸೇಜೂ ಕತ್ತಲೆಯಾಗಬಾರದಿದ್ದ ಹೊತ್ತು. ಅವೆಲ್ಲ ನಿಂತ ಮೇಲೆ ಅಂಗಡಿಗೆ ಹೋಗಿ.